ಕೆಲವೇ ಸೀಟುಗಳು ಉಳಿದಿವೆ

ಬೆಳಿಗ್ಗೆ ಎಂಟು ಗಂಟೆ ನಲವತ್ತು ನಿಮಿಷಕ್ಕೆ ಟೀಸಿ ಅಕ್ಕ ಶಾಲೆಯ ಗೇಟಿನ ಪಕ್ಕ ಸ್ಟೂಲಿನ ಮೇಲೆ ನಿಂತು ಹಳೆಯ ವರ್ಷದ ಮೇಲೆ ಹೊಸ ವರ್ಷವನ್ನು ಅಂಟಿಸುತ್ತಿದ್ದರು. ಬ್ಯಾನರು ಹಳೆಯದು. ನಗುತ್ತಿರುವ ಐದು ಮಕ್ಕಳ ಫೋಟೋ, ಶಾಲೆಯ ಹೆಸರು, 'ಎಂಟನೇ ತರಗತಿಗೆ ಪ್ರವೇಶ ಆರಂಭ' ಎಂಬ ನೀಲಿ ಸಾಲು, ಅದರ ಕೆಳಗೆ 'ಕೆಲವೇ ಸೀಟುಗಳು ಉಳಿದಿವೆ, ತ್ವರೆ ಮಾಡಿ' ಎಂಬ ಕೆಂಪು ಸಾಲು, ಎಲ್ಲವೂ ಒಂಬತ್ತು ವರ್ಷಗಳಿಂದ ಹಾಗೆಯೇ ಇದ್ದವು. ಬದಲಾಗುತ್ತಿದ್ದದ್ದು ವರ್ಷ ಮಾತ್ರ. ಅದಕ್ಕೆ ಅಂಗೈ ಅಗಲದ ಬಿಳಿ ಸ್ಟಿಕ್ಕರು ಸಾಕು. ಸ್ಟಿಕ್ಕರಿನ ಮೇಲೆ ಸ್ಟಿಕ್ಕರು ಕೂತು ಆ ಜಾಗ ಈಗ ಬಿಸ್ಕತ್ತಿನಷ್ಟು ದಪ್ಪವಾಗಿತ್ತು.

ಸ್ಟೂಲಿನ ಒಂದು ಕಾಲು ಗಿಡ್ಡ. ಅದನ್ನು ಜವಾನ ತನ್ನ ಚಪ್ಪಲಿಯಿಂದ ಒತ್ತಿ ಹಿಡಿದಿದ್ದ. ರಸ್ತೆಯ ಆಚೆ ಕ್ಷೌರದಂಗಡಿಯವನು ಶಟರು ಎತ್ತಿ, ಕೈಕಟ್ಟಿಕೊಂಡು ಈ ಕೆಲಸವನ್ನು ನೋಡುತ್ತಿದ್ದ. ಫೋಟೋದಲ್ಲಿ ಎಡತುದಿಗೆ ಹಲ್ಲು ಕಿರಿದು ನಿಂತ ಹುಡುಗ ಅವನೇ.

"ಅಕ್ಕಾ, ಈ ಸಲವಾದ್ರೂ ನನ್ನನ್ನ ಪಾಸು ಮಾಡಿಸಿ," ಎಂದ ಅವನು. "ಬರೋ ಗಿರಾಕಿಗಳೆಲ್ಲ ಕೇಳ್ತಾರೆ, ಇನ್ನೂ ಎಂಟನೇ ಕ್ಲಾಸಲ್ಲೇ ಇದ್ದೀಯಾ ಅಂತ."

ಟೀಸಿ ಅಕ್ಕ ತಿರುಗದೆ, ನೀನು ಪಾಸಾದ ದಿನ ನನ್ನ ಬ್ಯಾನರಿಗೆ ಮುಖ ಎಲ್ಲಿಂದ ತರಲಿ ಎಂದು ಕೇಳಿ, ಸ್ಟಿಕ್ಕರಿನ ನಾಲ್ಕೂ ಮೂಲೆಗಳನ್ನು ಹೆಬ್ಬೆರಳಿನಿಂದ ತಿಕ್ಕಿ ಕೆಳಗಿಳಿದರು.

ಅವರ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿತ್ತು, ಯಾರ ಬಾಯಲ್ಲೂ ಇರಲಿಲ್ಲ. ಶಾಲೆ ಬಿಟ್ಟು ಹೋಗುವ ಮಕ್ಕಳಿಗೆ ವರ್ಗಾವಣೆ ಪತ್ರ, ಅಂದರೆ ಟೀಸಿ, ಬರೆದುಕೊಡುವುದು ಆಫೀಸಿನ ಕೆಲಸ. ಆಫೀಸೆಂದರೆ ಅವರೊಬ್ಬರೇ. ಫೀಸು ಕಟ್ಟಿಸಿಕೊಳ್ಳುವುದು, ಗಂಟೆ ಹೊಡೆಯಲು ಜವಾನನಿಗೆ ನೆನಪಿಸುವುದು, ಬಿದ್ದು ಮಂಡಿ ತರಚಿಕೊಂಡವರಿಗೆ ಹತ್ತಿ ಒತ್ತುವುದು, ಇವೂ ಅವರ ಪಾಲಿಗೇ ಬಂದಿದ್ದವು. ಆದರೂ ಹೆಸರು ಅಂಟಿಕೊಂಡದ್ದು ಟೀಸಿಯಿಂದ. ಅದಕ್ಕೆ ಕಾರಣ ಅವರ ಒಂದು ಅಭ್ಯಾಸ. ಟೀಸಿಯನ್ನು ಅವರು ಕೌಂಟರಿನ ಕಿಂಡಿಯಿಂದ ಆಚೆ ನೀಡುತ್ತಿರಲಿಲ್ಲ. ತಂದೆತಾಯಿಯನ್ನು ಒಳಗೆ ಕರೆದು ಕುರ್ಚಿ ಕೊಟ್ಟು, ಮಗುವನ್ನು ಎದುರಿಗೆ ನಿಲ್ಲಿಸಿಕೊಂಡು, ಎಲ್ಲಿಗೆ ಹೋಗುತ್ತೀಯ, ಅಲ್ಲಿ ಯಾರು ಗೊತ್ತು ಎಂದೆಲ್ಲ ವಿಚಾರಿಸಿ, ಕೊನೆಗೆ "ಅಲ್ಲಿ ಹೋಗಿ ಕೀಟಲೆ ಮಾಡಿ ನಮ್ಮ ಮರ್ಯಾದೆ ತೆಗೀಬೇಡ" ಎಂದು ಹೇಳಿ ಕೈಗೆ ಕೊಡುತ್ತಿದ್ದರು. ಹದಿನೆಂಟು ವರ್ಷ ಹೀಗೆ ಮಕ್ಕಳನ್ನು ಕಳಿಸಿಕೊಟ್ಟವರಿಗೆ ಈ ವರ್ಷ ಮಕ್ಕಳನ್ನು ಕರೆತರುವ ಕೆಲಸ ಬಿದ್ದಿತ್ತು.

ಶಾಲೆಯಲ್ಲಿದ್ದದ್ದು ಮೂರೇ ತರಗತಿ, ಎಂಟು, ಒಂಬತ್ತು ಮತ್ತು ಹತ್ತು. ನಡೆಸುತ್ತಿದ್ದದ್ದು ಐದು ಜನರ ಕಮಿಟಿ. ಅದರ ಅಧ್ಯಕ್ಷರದು ಕಬ್ಬಿಣದ ಅಂಗಡಿ. ಯಾವುದನ್ನೂ ತೂಗದೆ ಮಾತಾಡುವವರಲ್ಲ. ಹಿಂದಿನ ವಾರದ ಸಭೆಯಲ್ಲಿ ಅವರು ತೂಗಿ ಹೇಳಿದ್ದು ಇಷ್ಟು: ಎಂಟನೇ ತರಗತಿಗೆ ಇರುವ ನಲವತ್ತು ಸೀಟಿನಲ್ಲಿ ಇಪ್ಪತ್ತೈದಾದರೂ ತುಂಬಬೇಕು. ತುಂಬದಿದ್ದರೆ ಈ ವರ್ಷ ಎಂಟನೇ ತರಗತಿ ಇಲ್ಲ, ಬರುವ ವರ್ಷ ಒಂಬತ್ತಿಲ್ಲ, ಅದರ ಮುಂದಿನ ವರ್ಷ ಶಾಲೆಯೇ ಇಲ್ಲ. ಕಟ್ಟಡವನ್ನು ಬಾಡಿಗೆಗೆ ಕೇಳಿಕೊಂಡು ಒಂದು ಕೋಚಿಂಗ್ ಸೆಂಟರಿನವರು ಆಗಲೇ ಎರಡು ಸಲ ಬಂದು ಗೋಡೆಗಳನ್ನು ಅಳೆದು ಹೋಗಿದ್ದರು.

ಪ್ರಚಾರಕ್ಕೆ ಕಮಿಟಿ ಕೊಟ್ಟ ದುಡ್ಡಿನಲ್ಲಿ ಹೊಸ ಬ್ಯಾನರು ಮಾಡಿಸಬಹುದಿತ್ತು, ಇಲ್ಲವೇ ಕರಪತ್ರ ಹಂಚಬಹುದಿತ್ತು. ಎರಡೂ ಆಗುವಂತಿರಲಿಲ್ಲ. ಹೆಡ್ ಮೇಷ್ಟ್ರು ಕರಪತ್ರ ಎಂದರು. ಅವರು ಗಣಿತದವರು, ನಿವೃತ್ತಿಗೆ ಮೂರು ವರ್ಷ ಬಾಕಿಯಿದ್ದವರು, ಒಳ್ಳೆಯವರು. ಬ್ಯಾನರಿನ ಕೆಂಪು ಸಾಲು ಒಂಬತ್ತು ವರ್ಷದ ಹಿಂದೆ ಅವರಿಗೇ ಹೊಳೆದದ್ದು. ಖಾಲಿ ಕೂತ ಹೋಟೆಲಿಗೆ ಯಾರೂ ಕಾಲಿಡುವುದಿಲ್ಲ, ಜನ ನಿಂತಿದ್ದರೆ ಇನ್ನಷ್ಟು ಜನ ಬಂದು ನಿಲ್ಲುತ್ತಾರೆ ಎಂಬುದು ಅವರ ವಾದ. ಅದನ್ನೇ ಕರಪತ್ರದಲ್ಲೂ ಹಾಕಿಸಿದರು. ಜೊತೆಗೆ ಆಫೀಸಿಗೂ ಗೇಟಿಗೂ ಒಂದು ಕಟ್ಟುಪಾಡು ಮಾಡಿದರು. ಎಷ್ಟು ಸೀಟು ಇದೆ ಎಂದು ಯಾರೇ ಕೇಳಲಿ, ಮೂರೋ ನಾಲ್ಕೋ ಎನ್ನಬೇಕು. ಟೀಸಿ ಅಕ್ಕನಿಗೂ ಅದು ಸರಿಯೆಂದೇ ತೋರಿತ್ತು. ಮೊದಲ ದಿನದಿಂದ ಹಾಗೆಯೇ ಹೇಳಿಕೊಂಡು ಬಂದರು.

ಮನೆಯಲ್ಲಿ ಈ ವಿಷಯ ಎತ್ತಿದರೆ ನಗು. ಅವರ ಗಂಡ ದರ್ಜಿ. ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಮಿಷನ್ನು, ಕಿಟಕಿಯ ಕೆಳಗೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಅದರ ಮೇಲೆ ವರ್ಷಕ್ಕೆ ಮೂರು ತಿಂಗಳು ಬೂದು ಬಣ್ಣದ ಬಟ್ಟೆಯ ರಾಶಿ ಬಿದ್ದಿರುತ್ತಿತ್ತು. ಬೂದು ಬಣ್ಣ ಊರಿನ ಇನ್ನೊಂದು ತುದಿಯ ದೊಡ್ಡ ಸ್ಕೂಲಿನದು. ನಾಲ್ಕು ಮಹಡಿ, ಆರು ಬಸ್ಸು. ಅಲ್ಲಿಯ ಯೂನಿಫಾರಮ್ಮಿನ ಕೆಲಸವೆಲ್ಲ ಈತನದೇ. ಅತ್ತೆ ಮೂಲೆಯಲ್ಲಿ ಕೂತು ಗುಂಡಿ ಹೊಲಿಯುತ್ತಿದ್ದರು.

"ಇವಳು ಟೀಸಿ ಕೊಟ್ಟು ಕಳಿಸಿದ ಮಕ್ಕಳಿಗೆ ನೀನು ಅಂಗಿ ಹೊಲಿದು ಕೊಡ್ತೀಯ," ಎಂದು ಅತ್ತೆ ಮಗನಿಗೆ ಹೇಳುತ್ತಿದ್ದರು, ದಾರವನ್ನು ಹಲ್ಲಿನಿಂದ ಕಡಿಯುತ್ತ. "ಮಕ್ಕಳು ನಮ್ಮ ಹಿತ್ತಲ ಬಾಗಿಲಲ್ಲಿ ಬಂದು ಮುಂಬಾಗಿಲಲ್ಲಿ ಹೋದ ಹಾಗಾಯ್ತು."

ಗಂಡನಿಗೆ ಹೆಂಡತಿಯನ್ನು ರೇಗಿಸುವುದೆಂದರೆ ಒಂದು ಕಪ್ ಚಹಾ ಹೆಚ್ಚಿಗೆ ಕುಡಿದಷ್ಟು ಸುಖ. ನಿಮ್ಮ ಶಾಲೆಯ ಯೂನಿಫಾರಮ್ಮಿಗೆ ಮಿಷನ್ನು ಬೇಕಿಲ್ಲ, ಕೈಹೊಲಿಗೆ ಸಾಕು ಎನ್ನುತ್ತಿದ್ದ. ಒಂದು ಸಂಜೆ ಮಾತ್ರ, ಮಾತಿನ ಭರದಲ್ಲಿ, "ಎಲ್ಲ ಮಕ್ಕಳ ಟೀಸಿ ಬರೆದು ಮುಗಿದ ಮೇಲೆ ನಿನಗೂ ಒಂದು ಬರ್ಕೋ" ಎಂದು ಅಂದುಬಿಟ್ಟ. ಆಕೆ ಎದ್ದು ಹೋಗಿ ಪಾತ್ರೆ ತೊಳೆದರು. ಅವರಿಗೆ ನಲವತ್ತೇಳು. ಆ ವಯಸ್ಸಿನಲ್ಲಿ ಹೊಸ ಕಡೆ ಮೇಜು ಕುರ್ಚಿ ಕೊಟ್ಟು ಕೂರಿಸುವವರಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಗಂಡ ಅಡುಗೆಮನೆಯ ಬಾಗಿಲಿಗೆ ಬಂದು, ಒರೆಸುವ ಬಟ್ಟೆ ತೆಗೆದುಕೊಂಡು, ತೊಳೆದ ಪಾತ್ರೆಗಳನ್ನು ಒಂದೊಂದಾಗಿ ಒರೆಸಿಟ್ಟ.

ಮೂರು ವಾರ ಕಳೆಯಿತು. ಕರಪತ್ರಗಳು ಪೇಪರಿನ ಮಡಿಕೆಯಲ್ಲಿ ಮನೆಮನೆಗೂ ಹೋಗಿದ್ದವು. ಸೇರಿದ್ದು ಒಂಬತ್ತು ಮಕ್ಕಳು. ಟೀಸಿ ಅಕ್ಕ ಬೆಳಿಗ್ಗೆ ಬಾಗಿಲು ತೆರೆದು ಸಂಜೆಯವರೆಗೆ ಕಣ್ಣಲ್ಲಿ ಕಣ್ಣಿಟ್ಟು ಗೇಟು ಕಾಯುತ್ತಿದ್ದರು. ಬರುವವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ಉತ್ತರ ಕೇಳಿ ತಲೆಯಾಡಿಸಿ, ಮನೆಯಲ್ಲಿ ವಿಚಾರಿಸಿ ಬರುತ್ತೇವೆ ಎಂದು ಹೋಗುತ್ತಿದ್ದರು. ವಿಚಾರಿಸಿ ಬಂದವರಿಲ್ಲ.

ಆ ಭಾನುವಾರ ಬೀದಿಯ ತಿರುವಿನ ಇಸ್ತ್ರಿಯವಳು ಬಟ್ಟೆ ತಂದುಕೊಟ್ಟಳು. ಗಂಡನ ಅಂಗಿಯ ಮಡಿಕೆ ಬಿಚ್ಚಿದಾಗ ಒಳಗಿನಿಂದ ಟೀಸಿ ಅಕ್ಕನ ಕರಪತ್ರವೇ ಜಾರಿ ಬಿತ್ತು. ಮಡಿಕೆ ಕೂತಿರಲೆಂದು ಅವಳು ಪ್ರತಿ ಅಂಗಿಗೂ ಒಂದು ಕಾಗದ ಇಡುತ್ತಿದ್ದಳು.

"ಒಳ್ಳೇ ಕಾಗದ ಅಕ್ಕ ಇದು, ಗಟ್ಟಿ," ಎಂದಳು ಇಸ್ತ್ರಿಯವಳು, ಮೆಚ್ಚುಗೆಯಿಂದಲೇ. "ಪೇಪರಿನವನ ಹತ್ರ ಒಂದು ಕಟ್ಟು ಇಸ್ಕೊಂಡಿದೀನಿ."

ಟೀಸಿ ಅಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಓದಿದೆಯಾ ಎಂದು ಕೇಳಿದರು. ಅವಳು ಓದಿರಲಿಲ್ಲ, ಅವಳ ಮಗಳು ಓದಿ ಹೇಳಿದ್ದಳು. ಮಗಳು ಏಳನೇ ತರಗತಿ ಮುಗಿಸಿದ್ದಾಳೆ, ಒಳ್ಳೆಯ ಅಂಕ ಬಂದಿದೆ ಎಂಬುದು ಬೀದಿಗೆಲ್ಲ ಗೊತ್ತಿದ್ದ ಸಂಗತಿ. ಹಾಗಾದರೆ ಫೀಸಿನ ತೊಂದರೆಯೇ ಎಂದು ಟೀಸಿ ಅಕ್ಕ ತಗ್ಗಿದ ದನಿಯಲ್ಲಿ ವಿಚಾರಿಸಿದರು. ಇಸ್ತ್ರಿಯವಳು ಅಲ್ಲವೆಂದು ಕೈಯಾಡಿಸಿದಳು. ಮೂರು ಕಂತಿನಲ್ಲಿ ಕಟ್ಟಬಹುದಂತೆ, ಹೇಗೋ ಹೊಂದಿಸಬಹುದು. ತಾನು ಗೇಟಿನವರೆಗೂ ಬಂದಿದ್ದಳಂತೆ. ಜವಾನನನ್ನು ಕೇಳಿದಳಂತೆ. ಅವನು ನಾಲ್ಕೇ ಸೀಟು ಇರುವುದು ಎಂದನಂತೆ. ಅಲ್ಲಿಂದಲೇ ಹಿಂತಿರುಗಿದಳು.

"ಯಾಕೆ ವಾಪಸ್ ಹೋದೆ? ನಾಲ್ಕು ಇದೆ ಅಂದ್ರೆ ಇದೆ ಅಂತ ತಾನೇ?"

ಇಸ್ತ್ರಿಯವಳು ಬಟ್ಟೆಯ ಗಂಟನ್ನು ಕಂಕುಳಿಗೆ ಏರಿಸಿಕೊಂಡಳು. "ನಾಲ್ಕು ಸೀಟು ಅಂದ್ರೆ ಅದು ಗೊತ್ತಿರೋರಿಗೆ ಇಟ್ಟಿರೋದು ಅಕ್ಕ. ನಾನು ಒಳಗೆ ಬಂದು ಕೇಳೋದು, ನೀವು ನನ್ನ ಮಖ ನೋಡಿ ಇಲ್ಲ ಅನ್ನಲಾರದೆ ಒದ್ದಾಡೋದು. ಮಗಳ ಎದುರಿಗೆ ಯಾಕೆ ಬೇಕು ಅದೆಲ್ಲ?"

ಅವಳು ಹೋದ ಮೇಲೂ ಟೀಸಿ ಅಕ್ಕ ಆ ಕರಪತ್ರವನ್ನು ಹಿಡಿದುಕೊಂಡೇ ನಿಂತಿದ್ದರು. ಅಂಗಿಯ ಬಿಸಿ ಇನ್ನೂ ಕಾಗದದಲ್ಲಿತ್ತು. ತಲೆಯಾಡಿಸಿ ಹೊರಟುಹೋದ ಎಷ್ಟೋ ಮುಖಗಳು ನೆನಪಿಗೆ ಬಂದವು. ಮೂರೋ ನಾಲ್ಕೋ ಎಂಬ ಮಾತು ಕೇಳಿ ಅವರಾರೂ ಅವಸರಪಟ್ಟಿರಲಿಲ್ಲ. ಚಪ್ಪಲಿ ಮೆಟ್ಟಿದ್ದರು, ಅಷ್ಟೆ. ಇನ್ನೊಬ್ಬರ ಜಾಗಕ್ಕೆ ಕೈಹಾಕಬಾರದು ಎಂಬ ಮುಖ ಅದು, ಟೀಸಿ ಅಕ್ಕನಿಗೆ ಈಗ ಹಾಗೆ ಕಂಡಿತು. ಈಗ ಹಾಗೆ ಕಾಣುತ್ತಿದೆಯೋ, ಆಗಲೂ ಹಾಗೇ ಇತ್ತೋ ಎಂದು ಖಚಿತವಾಗಿ ಹೇಳುವುದು ಅವರಿಂದಾಗಲಿಲ್ಲ.

ಸೋಮವಾರ ಹನ್ನೊಂದರ ಹೊತ್ತಿಗೆ ಆಫೀಸಿನಲ್ಲಿ ಜನವಿತ್ತು. ಕೌಂಟರಿನ ಆಚೆ ಐದಾರು ಮಂದಿ, ಕೆಲವರು ಫೀಸಿಗೆ, ಕೆಲವರು ಸುಮ್ಮನೆ ವಿಚಾರಿಸಲು. ಹೆಡ್ ಮೇಷ್ಟ್ರು ಒಳಗಿನ ಬೀರುವಿನ ಹತ್ತಿರ ಏನೋ ಹುಡುಕುತ್ತಿದ್ದರು. ಪಂಪ್ ರಿಪೇರಿ ಮಾಡುವ ಒಬ್ಬರು, ಉಗುರಿನ ಸಂದಿಯ ಗ್ರೀಸು ಹಾಗೆಯೇ ಇದ್ದ ಕೈಯನ್ನು ಕೌಂಟರಿನ ಮೇಲಿಡಲೋ ಬೇಡವೋ ಎಂಬಂತೆ ನಿಂತು, ಮಗನಿಗೆ ಎಂಟನೇ ತರಗತಿಗೆ ಕೇಳಲು ಬಂದೆ ಎಂದರು. ಆಮೇಲೆ ಅದೇ ಪ್ರಶ್ನೆ. ಅದನ್ನು ಅವರು ಗಟ್ಟಿಯಾಗಿಯೇ ಕೇಳಿದರು, ಪಂಪಿನ ಸದ್ದಿನಲ್ಲಿ ಮಾತಾಡಿ ರೂಢಿಯಾದವರ ಹಾಗೆ.

"ಎಷ್ಟು ಸೀಟು ಉಳಿದಿದೆ ಮೇಡಂ?"

"ಮೂವತ್ತೊಂದು," ಎಂದರು ಟೀಸಿ ಅಕ್ಕ.

ಬೀರುವಿನ ಬಾಗಿಲು ಮುಚ್ಚಿದ ಸದ್ದು ಕೇಳಿತು. ಕೌಂಟರಿನ ಆಚೆ ಯಾರೋ ಕೆಮ್ಮಿದರು. ಪಂಪಿನವರು, ನಿಮ್ಮ ಬೋರ್ಡಿನಲ್ಲಿ ಕೆಲವೇ ಅಂತಿದೆಯಲ್ಲ ಎಂದು ಬೆರಳು ಗೇಟಿನ ಕಡೆ ತೋರಿಸಿದರು. ಟೀಸಿ ಅಕ್ಕ, ಅದು ಹಳೆಯ ಬೋರ್ಡು, ಇರುವುದು ನಲವತ್ತು, ತುಂಬಿರುವುದು ಒಂಬತ್ತು ಎಂದರು. ಪಂಪಿನವರು ಮನಸ್ಸಿನಲ್ಲೇ ಏನೋ ಕೂಡಿಸಿ ಕಳೆದು, ಗ್ರೀಸಿನ ಕೈಯನ್ನು ಕೊನೆಗೂ ಕೌಂಟರಿನ ಮೇಲಿಟ್ಟರು.

"ಹಾಗಿದ್ರೆ ಎರಡು ಫಾರಂ ಕೊಡಿ. ನಮ್ಮಣ್ಣನ ಮಗಳೂ ಇದಾಳೆ. ಒಂದೇ ಇದ್ರೆ ಅಣ್ಣನ ಮುಂದೆ ಮಖ ತೋರಿಸೋದು ಹೇಗೆ ಅಂತ ನಾನು ಯೋಚ್ನೆ ಮಾಡ್ತಿದ್ದೆ."

ಜನ ಕರಗಿದ ಮೇಲೆ ಹೆಡ್ ಮೇಷ್ಟ್ರು ಬಂದು ಎದುರಿನ ಕುರ್ಚಿಯಲ್ಲಿ ಕೂತರು. ಗದರಲಿಲ್ಲ. ನಾನು ಹೇಳಿದ್ದು ತಪ್ಪಾಗಿತ್ತೇ ಎಂದು ಕೇಳಿದರು. ಟೀಸಿ ಅಕ್ಕ ಇಸ್ತ್ರಿಯವಳ ಮಾತನ್ನು ಇದ್ದದ್ದು ಇದ್ದ ಹಾಗೆ ಹೇಳಿದರು. ನನಗೂ ಗೊತ್ತಾಗಿರಲಿಲ್ಲ ಸರ್ ಎಂದೂ ಸೇರಿಸಿದರು. ಹೆಡ್ ಮೇಷ್ಟ್ರು ಬಹಳ ಹೊತ್ತು ಪೆನ್ನಿನ ಕ್ಯಾಪು ಹಾಕಿ ತೆಗೆದು ಮಾಡಿದರು. ಕೊನೆಗೆ ಎದ್ದು, ಪ್ರಯೋಗಶಾಲೆಯ ಹಿಂದೆ ಬಿದ್ದಿದ್ದ ಪುಟ್ಟ ಕಪ್ಪು ಹಲಗೆಯೊಂದನ್ನು ತಾವೇ ಎತ್ತಿಕೊಂಡು ಬಂದರು. ಖರ್ಚಿಲ್ಲದ ಜಾಹೀರಾತು ಇದೊಂದೇ ಎಂದರು. ಜವಾನ ಅದನ್ನು ಬ್ಯಾನರಿನ ಕೆಳಗೆ ತೂಗುಹಾಕಿದ. ಟೀಸಿ ಅಕ್ಕ ಸೀಮೆಸುಣ್ಣದಲ್ಲಿ ಬರೆದರು: 'ಎಂಟನೇ ತರಗತಿ. ಖಾಲಿ ಇರುವ ಸೀಟು 29. ಯಾರು ಬೇಕಾದರೂ ಕೇಳಬಹುದು.' ಮೇಲಿನ ಕೆಂಪು ಸಾಲಿನ ಮೇಲೆ ಉಳಿದ ಬಿಳಿ ಸ್ಟಿಕ್ಕರುಗಳನ್ನೆಲ್ಲ ಅಂಟಿಸಿದರು. ಸಂಜೆ ಮನೆಗೆ ಹೋಗುವಾಗ ತಿರುವಿನಲ್ಲಿ ನಿಂತು, ನಾಳೆ ಮಗಳನ್ನು ಕರೆದುಕೊಂಡು ಬಾ ಎಂದು ಇಸ್ತ್ರಿಯವಳಿಗೆ ಹೇಳಿದರು. ಮರುದಿನ ಹಲಗೆಯ ಮೇಲೆ 28 ಆಯಿತು.

ಅಧ್ಯಕ್ಷರು ಬಂದದ್ದು ಅಂದೇ ಮಧ್ಯಾಹ್ನ. ಯಾರೋ ಫೋನು ಮಾಡಿದ್ದರು. ಹಲಗೆಯ ಮುಂದೆ ಒಂದು ನಿಮಿಷ ನಿಂತು, ಮುಖ ಗಂಟು ಹಾಕಿಕೊಂಡು ಆಫೀಸಿಗೆ ಬಂದು, ಇದು ಯಾರ ಕೆಲಸ ಎಂದರು.

"ಬರೆದದ್ದು ಅವರು, ಹಲಗೆ ಹೊತ್ತು ತಂದದ್ದು ನಾನು," ಎಂದರು ಹೆಡ್ ಮೇಷ್ಟ್ರು.

"ನಮ್ಮನೆ ಡಬ್ಬಿ ಖಾಲಿ ಅಂತ ಬೀದಿಗೆಲ್ಲ ಸಾರಿದ ಹಾಗಾಯ್ತಲ್ರೀ."

"ತುಂಬಿದೆ ಅಂತ ಸಾರಿದಾಗ ಯಾರೂ ಬರಲಿಲ್ಲ ಸರ್," ಎಂದರು ಟೀಸಿ ಅಕ್ಕ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು.

ಅಧ್ಯಕ್ಷರು ಚೌಕಾಸಿಗೆ ಇಳಿದರು. ಹಲಗೆ ಇರಲಿ, ಆದರೆ ಹತ್ತು ಎಂದು ಬರೆಯಿರಿ, ಹತ್ತು ಮರ್ಯಾದೆಯ ಸಂಖ್ಯೆ ಎಂದರು. ಹತ್ತು ಎಂದು ಬರೆದರೆ ಹನ್ನೊಂದನೆಯವರು ಬಂದಾಗ ಏನು ಹೇಳಲಿ ಎಂದು ಟೀಸಿ ಅಕ್ಕ ಕೇಳಿದರು. ಶನಿವಾರದವರೆಗೆ ನೋಡೋಣ, ಆಮೇಲೆ ತೆಗೆಯುವುದೇ ಎಂದು ಹೇಳಿ ಅಧ್ಯಕ್ಷರು ಹೊರಟರು.

ಶನಿವಾರ ಯಾರಿಗೂ ನೆನಪಾಗಲಿಲ್ಲ. ಆ ಹೊತ್ತಿಗೆ ಹಲಗೆ ಬೀದಿಯ ಸ್ವತ್ತಾಗಿಹೋಗಿತ್ತು. ಕ್ಷೌರದಂಗಡಿಯವನು ಗಿರಾಕಿಯ ಕೆನ್ನೆಗೆ ನೊರೆ ಹಚ್ಚುತ್ತ ಇವತ್ತಿನ ಸಂಖ್ಯೆ ಹೇಳುತ್ತಿದ್ದ. ಬಸ್ಸಿಗೆ ಕಾಯುವವರು ಕತ್ತು ಚಾಚಿ ನೋಡುತ್ತಿದ್ದರು. ಒಂದು ದಿನ ಒಂದು ಇಳಿಯುತ್ತಿತ್ತು, ಒಂದು ದಿನ ಏನೂ ಇಲ್ಲ. ಹೆಡ್ ಮೇಷ್ಟ್ರು ಬೆಳಿಗ್ಗೆ ತರಗತಿಗೆ ಹೋಗುವ ಮೊದಲು ಕಿಟಕಿಯಿಂದ ಇಣುಕುತ್ತಿದ್ದರು. ಇಳಿದಿದ್ದರೆ ಅವರ ಬೀಜಗಣಿತ ಅಂದು ಹಗುರವಾಗಿರುತ್ತಿತ್ತು ಎಂದು ಹತ್ತನೆಯವರು ಹೇಳುತ್ತಿದ್ದರು.

ಒಂದು ಬುಧವಾರ ತೊಂದರೆಯಾಯಿತು. ಹಲಗೆ 20ಕ್ಕೆ ಬಂದಿತ್ತು. ಸೇರಿದ್ದ ಒಂದು ಮಗುವಿನ ತಂದೆಗೆ ಬೇರೆ ಊರಿಗೆ ವರ್ಗವಾಗಿ, ಸೀಟು ಬೇಡವೆಂದು ಬಂದು ಹೇಳಿದರು. ಟೀಸಿ ಅಕ್ಕ ಅವರನ್ನು ಒಳಗೆ ಕರೆದು ಕೂರಿಸಿ, ಮಗುವಿಗೆ ಎಂದಿನ ಎಚ್ಚರಿಕೆ ಹೇಳಿ ಕಳಿಸಿ, ಒರೆಸುವ ಬಟ್ಟೆ ಹಿಡಿದು ಗೇಟಿಗೆ ನಡೆದರು. ಜವಾನ ಅಡ್ಡ ನಿಂತ. ಏರಿಸಿ ಬರೆಯಬೇಡಿ ಅಕ್ಕ, ನಾಳೆ ಒಬ್ಬರು ಬಂದರೆ ಸರಿಹೋಗುತ್ತದೆ, ಯಾರಿಗೂ ತಿಳಿಯುವುದಿಲ್ಲ ಎಂದು ಅಂಗಲಾಚಿದ. ಅವರಿಗೂ ಹಾಗೆ ಮಾಡಬೇಕೆಂದು ಅನ್ನಿಸದೆ ಇರಲಿಲ್ಲ. ಬಟ್ಟೆಯನ್ನು ಎರಡು ಸಲ ಮಡಿಸಿದರು, ಬಿಚ್ಚಿದರು. ಆಮೇಲೆ 20 ಒರೆಸಿ 21 ಬರೆದರು. ಲೆಕ್ಕ ಹಿಂದಕ್ಕೆ ನಡೆಯುತ್ತಿದೆಯಲ್ಲ ಎಂದು ಎದುರಿನಿಂದ ಕ್ಷೌರದಂಗಡಿಯವನು ಚುಡಾಯಿಸಿದ. ಆದರೆ ಸಂಜೆ ಅವನೇ ರಸ್ತೆ ದಾಟಿ ಬಂದು ಒಂದು ವಿಷಯ ತಿಳಿಸಿದ. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳು ಮಾತಾಡಿಕೊಂಡರಂತೆ, ಹೆಚ್ಚಾದದ್ದನ್ನೂ ಬರೆಯುತ್ತಾರೆ ಎಂದರೆ ಇವರು ಬರೆಯುವುದು ನಿಜವೇ ಇರಬೇಕು ಎಂದು. ಅವರಲ್ಲಿ ಒಬ್ಬರು ಮರುದಿನ ಫಾರಂಗೆ ಬಂದರು. ಇನ್ನೊಬ್ಬರು ಬರಲೇ ಇಲ್ಲ.

ಮನೆಯಲ್ಲಿ ಗಂಡ ಬೂದು ಬಟ್ಟೆಯ ನಡುವಿನಿಂದ ತಲೆಯೆತ್ತಿ ದಿನವೂ ಎಷ್ಟು ಎಂದು ಕೇಳುತ್ತಿದ್ದ. ರೇಗಿಸುವುದನ್ನು ಬಿಟ್ಟಿದ್ದ. ಯಾಕೆ ಬಿಟ್ಟಿರಿ ಎಂದು ಆಕೆ ಒಮ್ಮೆ ಕೇಳಿದ್ದಕ್ಕೆ, ದೊಡ್ಡ ಸ್ಕೂಲಿನಲ್ಲಿ ಸೀಟು ಎಷ್ಟಿದೆ ಎಂದು ಹೋದ ವಾರ ತಾನು ಅಂಗಿ ಕೊಡಲು ಹೋಗಿದ್ದಾಗ ಯಾರೋ ಕೇಳಿದರು, ಅಲ್ಲಿಯ ಗುಮಾಸ್ತ ನಕ್ಕುಬಿಟ್ಟ, ಆ ನಗು ತನಗೆ ಸರಿ ಕಾಣಲಿಲ್ಲ ಎಂದ. ಅಷ್ಟು ಹೇಳಿ ಮಿಷನ್ನು ತುಳಿದ.

ಪ್ರವೇಶದ ಕೊನೆಯ ದಿನ ಸಂಜೆ ಹಲಗೆಯ ಮೇಲೆ 16 ಇತ್ತು. ಸೇರಿದವರು ಇಪ್ಪತ್ನಾಲ್ಕು. ಒಂದು ಕಡಿಮೆ. ಟೀಸಿ ಅಕ್ಕ ಆ ದಿನ ಗೇಟು ಮುಚ್ಚಿಸದೆ ಕತ್ತಲಾಗುವವರೆಗೆ ಕೂತರು. ಯಾರೂ ಬರಲಿಲ್ಲ.

ಕಮಿಟಿ ಸೇರಿದಾಗ ಅವರನ್ನು ಬಾಗಿಲ ಬಳಿ ಕೂರಿಸಿದ್ದರು, ಲೆಕ್ಕ ಕೇಳಿದರೆ ಹೇಳಲೆಂದು. ಒಬ್ಬ ಸದಸ್ಯರು ನಿಯಮ ನಿಯಮವೇ ಎಂದರು, ಕೋಚಿಂಗ್ ಸೆಂಟರಿನವರು ಮುಂಗಡ ಕೊಡಲು ತಯಾರಿದ್ದಾರೆ ಎಂದೂ ಹೇಳಿದರು. ಹೆಡ್ ಮೇಷ್ಟ್ರು ಏನೋ ಹೇಳಲು ಹೊರಟು, ಗಣಿತದವರಾದ್ದರಿಂದ, ಇಪ್ಪತ್ನಾಲ್ಕು ಇಪ್ಪತ್ತೈದಲ್ಲ ಎಂಬುದನ್ನು ದಾಟಲಾಗದೆ ಪೆನ್ನಿನ ಕ್ಯಾಪು ತೆಗೆದು ಹಾಕತೊಡಗಿದರು. ಟೀಸಿ ಅಕ್ಕ ತಮ್ಮ ಕೈಗಳನ್ನು ನೋಡಿಕೊಂಡರು. ಬೆರಳ ತುದಿಯಲ್ಲಿ ಸೀಮೆಸುಣ್ಣವಿತ್ತು.

ಮಾತಾಡಿದವರು ಅಧ್ಯಕ್ಷರು. ಹಲಗೆಯನ್ನು ತೆಗೆಸಬೇಕೆಂದಿದ್ದವರು ತಾವೇ ಎಂಬುದು ಅವರಿಗೆ ನೆನಪಿತ್ತು. ಹಾಗಾಗಿ ಮೊದಲು ಒಮ್ಮೆ ಗಂಟಲು ಸರಿಮಾಡಿಕೊಂಡರು.

"ಹಲಗೆ ಇಲ್ಲದಿದ್ರೆ ಸುಮ್ಮನೆ ಬಾಗಿಲು ಹಾಕಬಹುದಿತ್ತು, ಯಾರೂ ಕೇಳ್ತಿರಲಿಲ್ಲ," ಎಂದರು. "ಈಗ ಇಡೀ ಬೀದಿಗೆ ಲೆಕ್ಕ ಗೊತ್ತು. ನನ್ನ ಅಂಗಡಿಗೆ ಮೊಳೆ ತಗೊಳ್ಳೋಕೆ ಬಂದವರೂ ಕೇಳ್ತಾರೆ, ಇವತ್ತು ಎಷ್ಟಾಯ್ತು ಅಂತ. ಒಂದು ಮಗು ಕಮ್ಮಿ ಆಯ್ತು ಅಂತ ಇಪ್ಪತ್ನಾಲ್ಕು ಮಕ್ಕಳನ್ನ ವಾಪಸ್ ಕಳಿಸಿದ್ರು ಅನ್ನೋದನ್ನ ಆ ಹಲಗೆ ಮೇಲೆ ಯಾರು ಬರೀತೀರಿ? ನನ್ನ ಕೈಲಂತೂ ಆಗಲ್ಲ."

ಯಾರೂ ಬರೆಯಲು ಮುಂದಾಗಲಿಲ್ಲ. ಒಂದು ವರ್ಷ ನೋಡೋಣ ಎಂದು ತೀರ್ಮಾನವಾಯಿತು. ಟೀಸಿ ಅಕ್ಕ ಎದ್ದು ಹೊರಗೆ ಬಂದು, ಕಾರಿಡಾರಿನ ನಲ್ಲಿಯಲ್ಲಿ ಕೈ ತೊಳೆದುಕೊಂಡು, ಮುಖಕ್ಕೂ ನೀರು ಹಾಕಿಕೊಂಡರು. ಹೊರಡುವಾಗ ಜವಾನ ಹಲಗೆ ಇಳಿಸಿಡಲೇ ಎಂದು ಕೇಳಿದ. ಬೇಡವೆಂದರು.

ಆ ಒಂದು ವರ್ಷ ಮುಗಿದು ಏಳು ವರ್ಷವಾಗಿದೆ. ಶಾಲೆ ತುಂಬಿ ತುಳುಕಿದ್ದು ಎಂದೂ ಇಲ್ಲ. ಎರಡು ಸಲ ಇಪ್ಪತ್ತೈದು ದಾಟಿತು, ಒಮ್ಮೆ ಮತ್ತೆ ಕೆಳಗಿಳಿಯಿತು, ಕಮಿಟಿ ಮತ್ತೆ ಸೇರಿತು, ಮತ್ತೆ ಒಂದು ವರ್ಷ ನೋಡೋಣ ಎಂದಿತು. ಹೆಡ್ ಮೇಷ್ಟ್ರು ನಿವೃತ್ತರಾಗಿ ಬೆಳಗಿನ ನಡಿಗೆಯಲ್ಲಿ ಹಲಗೆ ಓದಿಕೊಂಡು ಹೋಗುತ್ತಾರೆ. ಬ್ಯಾನರು ಹರಿದುಹೋಯಿತು, ಹೊಸದು ಬರಲಿಲ್ಲ. ಕ್ಷೌರದಂಗಡಿಯವನು ಕೊನೆಗೂ ಪಾಸಾದೆ ಎಂದು ಹೇಳಿಕೊಂಡು ತಿರುಗಿದ. ಇಸ್ತ್ರಿಯವಳ ಮಗಳು ಹತ್ತನೇ ತರಗತಿ ಮುಗಿಸಿ ಟೀಸಿ ಕೇಳಲು ಬಂದ ದಿನ ತಾಯಿಯೂ ಜೊತೆಗೆ ಬಂದು, ಒಳಗಿನ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು.

ಬದಲಾದದ್ದು ಇನ್ನೊಂದಿದೆ. ಅಂದು ಸೋಮವಾರ ಕೌಂಟರಿನ ಆಚೆ ನಿಂತು ಕೇಳಿದವರಲ್ಲಿ ಯಾರು ಮನೆಗೆ ಹೋಗಿ ಹೇಳಿದರೋ, ಯಾವ ಮಗು ಅದನ್ನು ತರಗತಿಗೆ ಹೊತ್ತು ತಂದಿತೋ, ಗೊತ್ತಿಲ್ಲ. ಪಂಪಿನವರ ಮಗನೇ ಇರಬಹುದು. ಮಕ್ಕಳು ಈಗ ಅವರನ್ನು ಟೀಸಿ ಅಕ್ಕ ಎನ್ನುವುದಿಲ್ಲ. ಅವರ ಚಪ್ಪಲಿಯ ಸದ್ದು ಮೆಟ್ಟಿಲ ಮೇಲೆ ಕೇಳಿದ ಕೂಡಲೇ ಗದ್ದಲದ ತರಗತಿಯಲ್ಲಿ ಬಾಗಿಲ ಪಕ್ಕ ಕೂತವರು ಹಿಂದಿನವರಿಗೆ, ಹಿಂದಿನವರು ಅವರ ಹಿಂದಿನವರಿಗೆ, ಬಾಯಿಗೆ ಕೈ ಅಡ್ಡ ಹಿಡಿದು ಒಂದೇ ಮಾತು ದಾಟಿಸುತ್ತಾರೆ. ಕಾರಿಡಾರಿನಲ್ಲಿ ನಡೆದು ಬರುತ್ತಿರುವವರಿಗೂ ಅದು ಚೆನ್ನಾಗಿಯೇ ಕೇಳಿಸುತ್ತದೆ: ಮೂವತ್ತೊಂದು.